ಹಣ್ಣಿನ ಪೆಟ್ಟಿಗೆಯ ಮೇಲಿನ ಬರಹ

ಬ್ರಯನ್ ಸ್ಟ್ರೀಟ್ ಅಕ್ಷರ ಹುಡುಕಿಕೊಂಡು ಹೋದವರಲ್ಲ. 1970ರ ದಶಕದ ಆರಂಭದಲ್ಲಿ ಈ ಇಂಗ್ಲಿಷ್ ಮಾನವಶಾಸ್ತ್ರಜ್ಞ ಇರಾನಿನ ಮಶಹದ್ ನಗರದ ಬಳಿಯ ಬೆಟ್ಟದ ಹಳ್ಳಿಯೊಂದರಲ್ಲಿ ಉಳಿದುಕೊಂಡಿದ್ದರು. ತಮ್ಮ ಬರಹದಲ್ಲಿ ಆ ಊರನ್ನು ಚೆಶ್ಮೆ ಎಂದು ಕರೆದಿದ್ದಾರೆ. ಹಳ್ಳಿಗರಿಗೆ ಓದುಬರಹ ಕಲಿಸಲೆಂದು ಇರಾನಿನ ದೊರೆ ಶಾನ ಸರ್ಕಾರ 1963ರಿಂದಲೇ ಯುವಕರ ‘ಜ್ಞಾನ ಸೇನೆ’ಯನ್ನು ಊರೂರಿಗೆ ಅಟ್ಟುತ್ತಿತ್ತು. ಸೇನೆ ಅಂದಮೇಲೆ ಶತ್ರು ಬೇಕಲ್ಲ, ಅನಕ್ಷರತೆಯೇ ಶತ್ರು.

ಆದರೆ ಆ ಊರಲ್ಲಿ ಸ್ಟ್ರೀಟ್ ಕಣ್ಣಿಗೆ ಬಿದ್ದದ್ದು ಬರೀ ಬರಹ! ತೈಲದ ಹಣದಿಂದ ಪೇಟೆಯಲ್ಲಿ ಹಣ್ಣಿಗೆ ಬೇಡಿಕೆ ಏರಿತ್ತು. ಬೆಟ್ಟದ ತೋಟದ ಹಣ್ಣು ಪೇಟೆಗೆ ಇಳಿಯುವಾಗ ಪೆಟ್ಟಿಗೆಯ ಮೇಲೆ ಗುರುತು ಬೀಳುತ್ತಿತ್ತು, ಚೀಟಿ ಹರಿಯುತ್ತಿತ್ತು, ಮಕ್ಕಳ ನೋಟ್‌ಬುಕ್ಕಿನಲ್ಲಿ ಕಂಬಸಾಲು ಎಳೆದು ಯಾರಿಗೆಷ್ಟು, ಯಾರಿಂದೆಷ್ಟು ಎಂದು ದಾಖಲಾಗುತ್ತಿತ್ತು. ಬರೆಯುತ್ತಿದ್ದವರು ಯಾರು? ಹೊಸ ಸರ್ಕಾರಿ ಶಾಲೆಯಲ್ಲಿ ಓದಿದ ಹುಡುಗರಿಗಿಂತ ಮಕ್ತಬ್‌ನಲ್ಲಿ ಮುಲ್ಲಾನ ಮುಂದೆ ಕೂತು ಖುರಾನ್ ಬಾಯಿಪಾಠ ಮಾಡಿದ ಹಿರಿಯರೇ ಹೆಚ್ಚು. ಹೊರಗಿನವರು ಈ ಕಲಿಕೆಯನ್ನು ಗಿಳಿಪಾಠ ಎಂದು ತಳ್ಳಿಹಾಕಿದ್ದರು. ಆದರೆ ಧರ್ಮಗ್ರಂಥದ ಪುಟದಲ್ಲಿ ಮೂಲ ಎಲ್ಲಿ, ವ್ಯಾಖ್ಯಾನ ಎಲ್ಲಿ, ಬೇಕಾದ ಸಾಲು ಯಾವ ಮೂಲೆಯಲ್ಲಿ ಎಂದು ಹುಡುಕಿ ಪಳಗಿದ ಕಣ್ಣಿಗೆ ಲೆಕ್ಕದ ಪುಟ ಕಷ್ಟವಾಗಲಿಲ್ಲ.

1984ರಲ್ಲಿ ಸ್ಟ್ರೀಟ್ ಅವರ ಪುಸ್ತಕ ಬಂತು. ಸಾಕ್ಷರತೆ ಎಲ್ಲೆಡೆ ಒಂದೇ ಅಚ್ಚಿನ ಸಾಮಾನಲ್ಲ, ಬದುಕಿಗೆ ತಕ್ಕಂತೆ ಅದೂ ಹಲವು ಎಂಬ ವಾದ ಅದರದು. ವಿಶ್ವವಿದ್ಯಾಲಯಗಳಲ್ಲಿ ಚರ್ಚೆ ಜೋರಾಯಿತು. ಚರ್ಚೆ ಅಲ್ಲೇ ಉಳಿದಿದ್ದರೆ ನನಗೆ ಈ ಕತೆಯಲ್ಲಿ ಅಷ್ಟು ಆಸಕ್ತಿ ಇರುತ್ತಿರಲಿಲ್ಲ.

ಚೀಟಿ, ನೋಟ್‌ಬುಕ್ಕು ಕಾಣಬೇಕಾದರೆ ಊರಲ್ಲೇ ಇರಬೇಕು. ದಿನವೂ ಊರಲ್ಲಿರುವವರು ಪ್ರೊಫೆಸರರಲ್ಲ, ಸಂಜೆ ತರಗತಿ ನಡೆಸುವ ಕಾರ್ಯಕರ್ತರು. ಹಾಗಾದರೆ ಸಂಶೋಧನೆಯನ್ನು ಅವರೇ ಏಕೆ ಮಾಡಬಾರದು? ಬ್ರಿಟನ್ನಿನಲ್ಲಿ 1985ರಲ್ಲೇ ವಯಸ್ಕರ ಶಿಕ್ಷಣದವರೂ ಸಂಶೋಧಕರೂ ಸೇರಿ ರಾಪಾಲ್ ಎಂಬ ಬಳಗ ಕಟ್ಟಿಕೊಂಡಿದ್ದರು. ತಾವು ಕಂಡದ್ದನ್ನು ಬರೆದು ಹಂಚಲು ಅದಕ್ಕೊಂದು ಪತ್ರಿಕೆಯೂ ಇತ್ತು. ನಮ್ಮ ದೇಶದಲ್ಲಿ ಈ ಕೆಲಸಕ್ಕೆ ದೆಹಲಿಯ ನಿರಂತರ್ ಸಂಸ್ಥೆ ಇಳಿಯಿತು. ಸ್ಟ್ರೀಟ್ ಮತ್ತು ವಯಸ್ಕರ ಶಿಕ್ಷಣ ತಜ್ಞ ಅಲನ್ ರಾಜರ್ಸ್ ಜೊತೆಗೂಡಿ ಕಾರ್ಯಕರ್ತರಿಗೆ ತರಬೇತಿ ಕೊಟ್ಟರು. ಯೋಜನೆಯ ಹೆಸರು ‘ಲೆಟರ್’. ಅಕ್ಷರ ಎಂದೂ ಓದಿಕೊಳ್ಳಬಹುದು, ಕಾಗದ ಎಂದೂ ಓದಿಕೊಳ್ಳಬಹುದು. ಎರಡೂ ಒಪ್ಪುತ್ತವೆ.

ಪಾಠದ ಕ್ರಮವೇ ತಲೆಕೆಳಗಾಯಿತು. ಮೊದಲು ಊರು ಸುತ್ತು, ನೋಡು, ಬರೆದಿಡು. ಬಂದು ಜೊತೆಗಾರರ ಮುಂದೆ ಹೇಳು. ಪಠ್ಯ ಮಾಡುವುದು ಆಮೇಲೆ. ‘ಇವರಿಗೇನು ಬರುವುದಿಲ್ಲ’ ಎಂದು ಪಟ್ಟಿ ಮಾಡಿ ಅಭ್ಯಾಸವಾದವರಿಗೆ ‘ಇವರು ಈಗಾಗಲೇ ಏನು ಮಾಡುತ್ತಿದ್ದಾರೆ’ ಎಂದು ಕೇಳುವುದು ಸುಲಭವಲ್ಲ. ನನಗೂ ಸುಲಭವಲ್ಲ, ಹೆಬ್ಬೆಟ್ಟು ಎಂಬ ಮಾತು ಇವತ್ತಿಗೂ ನಾಲಿಗೆ ತುದಿಯಲ್ಲೇ ಇದೆ. ಕಾರ್ಯಕರ್ತರು ಕಂಡದ್ದು 2007ರಲ್ಲಿ ಪುಸ್ತಕವಾಗಿ ಅಚ್ಚಾಯಿತು. ಅದೇ ತರಬೇತಿ ಮುಂದೆ ಇಥಿಯೋಪಿಯಾಕ್ಕೂ ಉಗಾಂಡಾಕ್ಕೂ ಹೋಯಿತು.

ಸ್ಟ್ರೀಟ್ 2017ರಲ್ಲಿ ತೀರಿಕೊಂಡರು, ಅವರ ಪ್ರಶ್ನೆ ಉಳಿದಿದೆ. ನಮ್ಮ ಹಳ್ಳಿಗಳ ಮುಂದುವರಿಕೆ ಶಿಕ್ಷಣ ಕೇಂದ್ರಗಳಲ್ಲಿ ದುಡಿದ ಪ್ರೇರಕರು ಎಷ್ಟೋ ಜನ ಇದ್ದಾರೆ. ಯಾರಾದರೂ ಸಿಕ್ಕರೆ, ಎಷ್ಟು ಜನ ಸಹಿ ಕಲಿತರು ಎಂದು ಕೇಳಬೇಡಿ. ಏನೇನು ಕಂಡಿರಿ ಎಂದು ಕೇಳಿ, ಹೇಳಿದ್ದನ್ನು ಅವರ ಕೈಯಲ್ಲೇ ಬರೆಸಿ.