ಕುಳಿತಲ್ಲಿಯೇ ಬರುವ ಪ್ರಯಾಣವ್ಯಾಧಿ

ಹಡಗಿನಲ್ಲಿ ಹೋಗುವವರಿಗೆ ಹೊಟ್ಟೆ ತೊಳಸುವುದೂ, ಆಗುಂಬೆಯ ಘಾಟಿಯಲ್ಲಿ ಬಸ್ಸು ತಿರುಗಿ ತಿರುಗಿ ಇಳಿಯುವಾಗ ತಲೆ ಸುತ್ತಿ ವಾಂತಿಯಾಗುವುದೂ ಎಲ್ಲರೂ ಬಲ್ಲ ಸಂಗತಿ. ದೇಹವು ಅಲುಗಾಡಿದುದರಿಂದ ಹೀಗಾಯಿತೆಂದು ನಾವು ಸಮಾಧಾನ ಮಾಡಿಕೊಳ್ಳುವೆವು. ಆದರೆ ಮನೆಯೊಳಗೆ ಕುರ್ಚಿಯ ಮೇಲೆ ನಿಶ್ಚಲನಾಗಿ ಕುಳಿತವನಿಗೂ ಅದೇ ತಲೆಸುತ್ತು, ಅದೇ ಬೆವರು, ಅದೇ ಓಕರಿಕೆ ಬಂದರೆ ಏನೆನ್ನಬೇಕು? ವಿಮಾನ ನಡೆಸುವುದನ್ನು ನೆಲದ ಮೇಲೆಯೇ ಕಲಿಸುವ ಸಿಮ್ಯುಲೇಟರ್ ಎಂಬ ಅನುಕರಣಯಂತ್ರಗಳಲ್ಲಿಯೂ, ಈಗ ಮಕ್ಕಳ ಕೈಗೂ ಬಂದಿರುವ ‘ವರ್ಚುಯಲ್ ರಿಯಾಲಿಟಿ’ಯ ಕನ್ನಡಕಗಳಲ್ಲಿಯೂ ಇದು ಕಾಣುತ್ತಿರುವುದು. “ಕೂತಲ್ಲಿ ಎಂಥ ಕಾಯಿಲೆ? ಎಲ್ಲ ನಿನ್ನ ಮನಸ್ಸಿನ ಪುಕ್ಕಲುತನ” ಎಂದು ಮನೆಯ ಹಿರಿಯರು ಗದರಿಸುವುದೂ ಉಂಟು. ಈ ಮಾತು ಎಷ್ಟರಮಟ್ಟಿಗೆ ನ್ಯಾಯವೆಂಬುದನ್ನು ವಿಚಾರಿಸೋಣ.

ಈ ವ್ಯಾಧಿಯು ಇಂದಿನ ಯಂತ್ರಗಳೊಡನೆ ಹುಟ್ಟಿದುದಲ್ಲ. 1894ರಲ್ಲಿ ಅಮೆರಿಕೆಯ ಸ್ಯಾನ್‌ಫ್ರಾನ್ಸಿಸ್ಕೋ ನಗರದಲ್ಲಿ ನಡೆದ ವಸ್ತುಪ್ರದರ್ಶನದಲ್ಲಿ ಒಂದು ‘ಭೂತದ ಉಯ್ಯಾಲೆ’ ಇದ್ದಿತು. ಮೇಜು ಕುರ್ಚಿಗಳಿಂದ ಸಜ್ಜಾದ ಒಂದು ಕೋಣೆಯ ನಡುವೆ ದೊಡ್ಡ ತೂಗುಪೀಠವೊಂದು ತೂಗುತ್ತಿದ್ದಿತು. ಜನರು ಅದರಲ್ಲಿ ಕುಳಿತೊಡನೆ ಅದು ಮೆಲ್ಲನೆ ಜೀಕಲಾರಂಭಿಸಿ, ಬರಬರುತ್ತ ಮೇಲಕ್ಕೇರಿ, ಕಡೆಗೆ ಪೂರ್ತಿಯಾಗಿ ಒಂದು ಸುತ್ತು ಮಗುಚಿದಂತೆ ತೋರುತ್ತಿತ್ತು. ನಿಜವಾಗಿ ಉಯ್ಯಾಲೆಯು ಬಹುಮಟ್ಟಿಗೆ ನಿಂತೇ ಇದ್ದಿತು, ತಿರುಗುತ್ತಿದ್ದುದು ಕೋಣೆ! ಸಾಮಾನುಗಳನ್ನೆಲ್ಲ ಬಿಗಿದಿಟ್ಟಿದ್ದರಾದಕಾರಣ ಗುಟ್ಟು ಹೊರಬೀಳುತ್ತಿರಲಿಲ್ಲ. ಭೌತವಿಜ್ಞಾನಿ ಆರ್. ಡಬ್ಲ್ಯೂ. ವುಡ್ ಎಂಬವರು 1895ರಲ್ಲಿ ಇದನ್ನು ಕುರಿತು ಬರೆದಿರುವರು. ಅದರಿಂದ ಇಳಿದ ಅನೇಕರಿಗೆ ತಲೆ ತಿರುಗಿ ಹೊಟ್ಟೆ ತೊಳಸುತ್ತಿದ್ದಿತು.

ಇದರ ಮರ್ಮವು ನಮ್ಮ ಕಿವಿಯೊಳಗೆ ಇದೆ. ಕಿವಿಯು ಶಬ್ದವನ್ನು ಕೇಳಲು ಮಾತ್ರವೇ ಅಲ್ಲ. ಅದರ ಒಳಭಾಗದಲ್ಲಿ ಅರ್ಧವೃತ್ತಾಕಾರದ ಮೂರು ಸೂಕ್ಷ್ಮ ನಾಳಗಳಿವೆ. ತಲೆಯನ್ನು ತಿರುಗಿಸಿದಾಗ ಅವುಗಳ ದ್ರವವು ಹಿಂದುಳಿದು, ತಿರುಗಿದುದನ್ನು ಮಿದುಳಿಗೆ ತಿಳಿಸುವುದು. ಅವುಗಳ ಪಕ್ಕದ ಎರಡು ಚೀಲಗಳಲ್ಲಿ ಸುಣ್ಣದ ಅತಿಸಣ್ಣ ಹರಳುಗಳಿದ್ದು, ಮುಂದೆ ಹಿಂದೆ ಮೇಲೆ ಕೆಳಗೆ ಸರಿದುದನ್ನು ಅವು ತಿಳಿಸುವುವು. ಹೀಗೆ ಚಲನೆಗೆ ಕಣ್ಣು ಒಬ್ಬ ಸಾಕ್ಷಿ, ಕಿವಿ ಇನ್ನೊಬ್ಬ ಸಾಕ್ಷಿ. ಇಬ್ಬರೂ ಒಂದೇ ಮಾತು ಹೇಳುವವರೆಗೆ ಮಿದುಳಿಗೆ ತೊಂದರೆಯಿಲ್ಲ. ಬಸ್ಸಿನಲ್ಲಿ ಪುಸ್ತಕ ಓದುವವನಿಗೆ ಕಿವಿಯು ‘ಚಲಿಸುತ್ತಿರುವೆ’ ಎಂದರೆ ಕಣ್ಣು ‘ಇಲ್ಲ’ ಎನ್ನುವುದು. ವಿ. ಆರ್. ಕನ್ನಡಕ ಧರಿಸಿದವನಿಗೆ ಇದು ತಿರುಗುಮುರುಗು: ಕಣ್ಣು ‘ಹಾರುತ್ತಿರುವೆ’ ಎಂದರೆ ಕಿವಿಯು ‘ಕುರ್ಚಿಯ ಮೇಲಿರುವೆ’ ಎನ್ನುವುದು.

ಆದರೆ ಸಾಕ್ಷಿಗಳ ಜಗಳಕ್ಕೆ ಹೊಟ್ಟೆಯು ಏಕೆ ದಂಡ ತೆರಬೇಕು? 1977ರಲ್ಲಿ ಟ್ರೈಸ್‌ಮನ್ ಎಂಬ ವಿದ್ವಾಂಸರು ಒಂದು ಊಹೆಯನ್ನು ಮುಂದಿಟ್ಟರು. ವಿಷವಸ್ತುವನ್ನು ತಿಂದಾಗ ಇಂದ್ರಿಯಗಳ ಹೊಂದಾಣಿಕೆ ಮೊದಲು ಕೆಡುವುದು. ಆದುದರಿಂದ ಇವೆರಡರ ಮಾತು ಹೊಂದದಿದ್ದಾಗ, ಹೊಟ್ಟೆಗೆ ವಿಷ ಸೇರಿತೆಂದು ದೇಹವು ಬಗೆದು ಅದನ್ನು ಹೊರದೂಡಲೆಳಸುವುದೆಂದು ಅವರ ಅಭಿಪ್ರಾಯ. ಇದು ಸರ್ವಸಮ್ಮತ ಸಿದ್ಧಾಂತವಲ್ಲವಾದರೂ ವಿಚಾರಾರ್ಹವಾದುದು.

ಸಂಸ್ಕೃತದಲ್ಲಿ ಭ್ರಮ್ ಎಂಬ ಧಾತುವಿಗೆ ಸುತ್ತುವುದೆಂದು ಅರ್ಥ. ತಲೆಸುತ್ತನ್ನು ಆಯುರ್ವೇದವು ‘ಭ್ರಮ’ವೆಂದು ಕರೆಯುವುದು, ಇಲ್ಲದುದನ್ನು ಇದೆಯೆಂದು ತಿಳಿಯುವುದೂ ಭ್ರಮೆಯೇ. ಈ ವ್ಯಾಧಿಯಲ್ಲಿ ಎರಡೂ ಅರ್ಥಗಳು ಒಂದೆಡೆ ಕೂಡಿರುವುವು. ಆದರೆ ಒಂದು ಭೇದವುಂಟು. ಹಗ್ಗವನ್ನು ಹಾವೆಂದು ಬೆದರಿದವನು ದೀಪ ತಂದು ನೋಡಿದೊಡನೆ ನಿರ್ಭಯನಾಗುವನು. ಇಲ್ಲಿಯಾದರೋ, ‘ಇದೆಲ್ಲ ಚಿತ್ರ, ನಾನು ಕುಳಿತೇ ಇರುವೆನು’ ಎಂದು ಚೆನ್ನಾಗಿ ಬಲ್ಲವನಿಗೂ ಓಕರಿಕೆ ನಿಲ್ಲದು. ಜ್ಞಾನದಿಂದ ನೀಗದ ಭ್ರಮೆಯಿದು. ಆದುದರಿಂದ ಮನಸ್ಸು ಗಟ್ಟಿಮಾಡಿಕೊಳ್ಳೆಂದು ಗದರಿಸುವುದು ವ್ಯರ್ಥ.

ಇದು ದೌರ್ಬಲ್ಯದ ಗುರುತಲ್ಲವೆಂಬುದಕ್ಕೆ ಎರಡು ನಿದರ್ಶನಗಳನ್ನು ಕೊಡುವೆನು. 1882ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ವಿಲಿಯಂ ಜೇಮ್ಸರು 519 ಮಂದಿ ಕಿವುಡರ ವಿಷಯವನ್ನು ಸಂಗ್ರಹಿಸಿದಾಗ, ಅವರಲ್ಲಿ 186 ಮಂದಿಗೆ ಎಷ್ಟು ಸುತ್ತಿಸಿದರೂ ತಲೆಸುತ್ತೇ ಬರಲಿಲ್ಲ. ಒಳಗಿವಿಯ ಆ ಭಾಗವು ಕೆಟ್ಟವರಿಗೆ ಈ ಬಾಧೆಯಿಲ್ಲ, ನೆಟ್ಟಗಿದ್ದವರಿಗೇ ಬಾಧೆ. ಎರಡನೆಯದು ಅಮೆರಿಕೆಯ ನೌಕಾದಳದ ಹೆಲಿಕಾಪ್ಟರ್ ಅನುಕರಣಯಂತ್ರದ ಸಂಗತಿ. 1957ರಲ್ಲಿ ಪ್ರಕಟವಾದ ಪರಿಶೀಲನೆಯಲ್ಲಿ, ಹೊಸದಾಗಿ ಕಲಿಯುವವರಿಗಿಂತ ನುರಿತ ಶಿಕ್ಷಕರೇ ಹೆಚ್ಚು ಬಳಲಿದರೆಂದು ತಿಳಿದುಬಂದಿತು. ನಿಜವಾದ ಹಾರಾಟದಲ್ಲಿ ದೇಹಕ್ಕೆ ಏನೇನು ತಿಳಿಯಬೇಕೆಂದು ಅವರು ಬಲ್ಲವರು. ಅದು ತಿಳಿಯದಿದ್ದಾಗ ವಿರೋಧವು ಅವರಿಗೇ ಹೆಚ್ಚಾಗಿ ತೋರಿತು.

ಇಂದಿನ ಕನ್ನಡಕಗಳನ್ನು ಮಾಡುವವರು ಈ ವಿರೋಧವನ್ನು ತಗ್ಗಿಸಲು ಬಹಳ ಶ್ರಮಿಸಿರುವರು. ತಲೆ ತಿರುಗಿಸಿದ ಬಳಿಕ ಚಿತ್ರವು ತಡವಾಗಿ ತಿರುಗಿದರೆ ಬಾಧೆ ಹೆಚ್ಚು; ಈ ತಡವು ಸೆಕೆಂಡಿನ 50ರಲ್ಲೊಂದು ಭಾಗವನ್ನು ಮೀರಬಾರದೆಂದು ಅವರ ಗುರಿ. ಆದರೂ ಕುಳಿತವನನ್ನು ಚಿತ್ರದಲ್ಲಿ ಓಡಿಸಿದರೆ ವಿರೋಧವು ಉಳಿದೇ ಉಳಿಯುವುದು.

ಗೃಹಸ್ಥರು ನೆನಪಿಡತಕ್ಕ ಕೆಲವು ಮಾತುಗಳಿವೆ. ಆಕಳಿಕೆ, ತಣ್ಣನೆಯ ಬೆವರು, ಮುಖ ಬಿಳಿಚುವುದು, ಇವು ಮೊದಲ ಲಕ್ಷಣಗಳು. ಇವು ಕಂಡೊಡನೆ ಕನ್ನಡಕವನ್ನು ತೆಗೆಯಬೇಕು. ‘ಇನ್ನೊಂದು ಆಟ’ವೆಂದು ಸಹಿಸಿಕೊಂಡು ಮುಂದುವರಿದರೆ ಬಾಧೆಯು ಗಂಟೆಗಟ್ಟಲೆ ಇರಬಹುದು. ಮೊದಲು ಕೆಲವೇ ನಿಮಿಷ ನೋಡಿ, ದಿನಗಳ ಅಂತರದಲ್ಲಿ ಮೆಲ್ಲಮೆಲ್ಲನೆ ಹೆಚ್ಚಿಸಿದರೆ ಅನೇಕರಿಗೆ ಅಭ್ಯಾಸವಾಗುವುದು. ವೇಗದ ಬಂಡಿಯ ಆಟಗಳಿಗಿಂತ, ತಾನೇ ನಿಂತು ಸುತ್ತಮುತ್ತ ನೋಡುವ ಆಟಗಳು ಸೌಮ್ಯ. ಶುಂಠಿಯ ಚೂರಿನಿಂದ ಓಕರಿಕೆ ಸ್ವಲ್ಪ ತಗ್ಗಬಹುದಾದರೂ ಕಾರಣವು ಹೋಗದು. ಎಲ್ಲಕ್ಕೂ ಮುಖ್ಯವಾದುದು, ತಲೆ ಹಗುರಾಗಿರುವಾಗ ಸ್ಕೂಟರು ಕಾರುಗಳನ್ನು ನಡೆಸಬಾರದು; ಮಾಳಿಗೆಯ ಮೆಟ್ಟಲುಗಳಲ್ಲಿಯೂ ಎಚ್ಚರ ಬೇಕು. ಯಂತ್ರವನ್ನು ಬಿಟ್ಟ ಮರುದಿನವೂ ತಲೆಸುತ್ತು ಉಳಿದರೆ ವೈದ್ಯರನ್ನು ಕಾಣತಕ್ಕದ್ದು.

ಹುಡುಗನು ಮುಖ ಬಾಡಿಸಿಕೊಂಡು ಕನ್ನಡಕವನ್ನು ಕೆಳಗಿಟ್ಟರೆ ಜರೆಯದೆ, ಕಿಟಕಿಯ ಬಳಿ ಕೂರಿಸಿ, ದೂರದ ಮರವೊಂದನ್ನು ನೋಡಲು ಹೇಳಿರಿ. ನೋಡುವ ಮರವೂ ಕುಳಿತ ನೆಲವೂ ಅಲುಗದೆ ಇರುವುದರಿಂದ ಅವನ ಕಣ್ಣಿಗೂ ಕಿವಿಗೂ ಸ್ವಲ್ಪ ಹೊತ್ತಿನಲ್ಲಿಯೇ ರಾಜಿಯಾಗುವುದು.