ಹಾಡು ನಮ್ಮದು, ಪುಟ ಯಾರದ್ದು?

ಧ್ವನಿಮುದ್ರಣ ಸಂಸ್ಥೆಯ ಬೆಂಬಲವಿಲ್ಲ, ಚಲನಚಿತ್ರದ ನಂಟಿಲ್ಲ, ಜಾಹೀರಾತಿಗೆ ಹಣವಿಲ್ಲ. ಇಂತಹ ಸ್ವತಂತ್ರ ಸಂಗೀತ ತಂಡವೊಂದು ಕೇಳುಗರನ್ನು ತಲುಪುವುದು ಹೇಗೆ? ಎರಡು ದಶಕಗಳಿಂದ ಈ ಪ್ರಶ್ನೆಗೆ ಸಿಗುತ್ತಿರುವ ಉತ್ತರ ಒಂದೇ: ಸಾಮಾಜಿಕ ಜಾಲತಾಣ. ಆದರೆ ಆ ಉತ್ತರ ಅರ್ಧ ಸತ್ಯ ಮಾತ್ರ ಎಂಬುದನ್ನು ಅದೇ ಎರಡು ದಶಕಗಳ ಅನುಭವ ತೋರಿಸಿಕೊಟ್ಟಿದೆ.

ಶೆಫೀಲ್ಡ್ ಹುಡುಗರ ಕಥೆ

ಈ ಮಾತು ಬಂದಾಗಲೆಲ್ಲ ಮೊದಲು ನೆನಪಾಗುವುದು ಇಂಗ್ಲೆಂಡಿನ ಶೆಫೀಲ್ಡ್ ನಗರದ ‘ಆರ್ಕ್ಟಿಕ್ ಮಂಕೀಸ್’ ತಂಡ. 2005ರ ಅಕ್ಟೋಬರ್‌ನಲ್ಲಿ ಡಾಮಿನೋ ಎಂಬ ಸ್ವತಂತ್ರ ಸಂಸ್ಥೆಯ ಮೂಲಕ ಹೊರಬಂದ ತಂಡದ ಹಾಡು ಬ್ರಿಟನ್ನಿನ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. 2006ರ ಜನವರಿಯಲ್ಲಿ ಬಂದ ಚೊಚ್ಚಲ ಆಲ್ಬಂನ 3.60 ಲಕ್ಷಕ್ಕೂ ಅಧಿಕ ಪ್ರತಿಗಳು ಮೊದಲ ವಾರದಲ್ಲೇ ಮಾರಾಟವಾದವು. ‘ಮೈಸ್ಪೇಸ್’ ಜಾಲತಾಣ ಹುಟ್ಟುಹಾಕಿದ ತಾರೆಗಳೆಂದು ಪತ್ರಿಕೆಗಳು ಬಣ್ಣಿಸಿದವು.

ವಾಸ್ತವ ಸ್ವಲ್ಪ ಬೇರೆಯೇ ಇತ್ತು. ತಂಡದವರು ಊರಿನ ಸಣ್ಣಪುಟ್ಟ ವೇದಿಕೆಗಳಲ್ಲಿ ಹಾಡಿ, ತಮ್ಮ ಮಾದರಿ ಗೀತೆಗಳ ಸಿ.ಡಿ.ಗಳನ್ನು ಪ್ರೇಕ್ಷಕರಿಗೆ ಉಚಿತವಾಗಿ ಹಂಚುತ್ತಿದ್ದರು. ಆ ಹಾಡುಗಳನ್ನು ಅಂತರ್ಜಾಲಕ್ಕೇರಿಸಿ ಪರಸ್ಪರ ಹಂಚಿಕೊಂಡವರು ಅಭಿಮಾನಿಗಳು. ಮೈಸ್ಪೇಸ್ ಪುಟವನ್ನು ತೆರೆದವರೂ ಅಭಿಮಾನಿಗಳೇ. ಕೇಳುಗರನ್ನು ಗಳಿಸಿಕೊಟ್ಟದ್ದು ವೇದಿಕೆ. ಆ ಸುದ್ದಿಯನ್ನು ದೂರಕ್ಕೆ ಒಯ್ದದ್ದು ಜಾಲತಾಣ.

ಬೆಂಗಳೂರಿನ ‘ರಘು ದೀಕ್ಷಿತ್ ಪ್ರಾಜೆಕ್ಟ್’ ಕೂಡ ಇದಕ್ಕೆ ನಿದರ್ಶನ. 2010ರಲ್ಲಿ ಜೂಲ್ಸ್ ಹಾಲೆಂಡ್ ನಡೆಸಿಕೊಡುವ ಬಿಬಿಸಿ ಕಾರ್ಯಕ್ರಮದಲ್ಲಿ ಹಾಡಿದ ಬಳಿಕ ತಂಡದ ಆಲ್ಬಂ ಬ್ರಿಟನ್ನಿನ ಐಟ್ಯೂನ್ಸ್ ಮಳಿಗೆಯ ವಿಶ್ವಸಂಗೀತ ಪಟ್ಟಿಯಲ್ಲಿ ಅಗ್ರಸ್ಥಾನ ಪಡೆಯಿತು. ಹಾಡು ಮೆಚ್ಚಿದವರಿಗೆ ಅದನ್ನು ಕೊಳ್ಳುವ ದಾರಿ ಅಂದು ತೆರೆದಿತ್ತು.

ಅಳಿಸಿಹೋದ ಹಾಡುಗಳು

ಮೈಸ್ಪೇಸ್ ಆರಂಭವಾದದ್ದು 2003ರಲ್ಲಿ. 2005ರಲ್ಲಿ ನ್ಯೂಸ್ ಕಾರ್ಪೊರೇಷನ್ ಅದನ್ನು 58 ಕೋಟಿ ಡಾಲರಿಗೆ ಕೊಂಡಿತು. ಆದರೆ ಕೆಲವೇ ವರ್ಷಗಳಲ್ಲಿ ಜನ ಫೇಸ್‌ಬುಕ್‌ನತ್ತ ಹೊರಳಿದರು. 2019ರಲ್ಲಿ ಇನ್ನೊಂದು ಆಘಾತ ಕಾದಿತ್ತು. ಸರ್ವರ್ ಸ್ಥಳಾಂತರದ ವೇಳೆ 2015ರವರೆಗೆ ಏರಿಸಲಾಗಿದ್ದ ಹಾಡುಗಳೆಲ್ಲ ನಷ್ಟವಾಗಿವೆ ಎಂದು ಸಂಸ್ಥೆ ಒಪ್ಪಿಕೊಂಡಿತು. ಕಳೆದುಹೋದವು ಸುಮಾರು 5 ಕೋಟಿ ಹಾಡುಗಳೆಂದು ವರದಿಯಾಯಿತು. ಬೇರೆಡೆ ಸಂಗ್ರಹವಾಗಿದ್ದ ಸುಮಾರು 4.9 ಲಕ್ಷ ಹಾಡುಗಳನ್ನು ಇಂಟರ್ನೆಟ್ ಆರ್ಕೈವ್ ಬಳಿಕ ಪ್ರಕಟಿಸಿತು. ಸ್ವಂತ ಪ್ರತಿ ಇಟ್ಟುಕೊಳ್ಳದ ಎಷ್ಟೋ ತಂಡಗಳ ಪಾಲಿಗೆ ಉಳಿದವು ಅಳಿದವು.

ಭಾರತದಲ್ಲಿ 2020ರ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ಸೇರಿದಂತೆ 59 ಆ್ಯಪ್‌ಗಳನ್ನು ನಿಷೇಧಿಸಿತು. ನಿಷೇಧದ ಕಾರಣಗಳು ಏನೇ ಇರಲಿ, ಅಲ್ಲಿ ಲಕ್ಷಗಟ್ಟಲೆ ಅನುಯಾಯಿಗಳನ್ನು ಗಳಿಸಿದ್ದ ಗಾಯಕರಿಗೆ ಅವರನ್ನು ಮತ್ತೆ ತಲುಪುವ ಮಾರ್ಗವೇ ಮುಚ್ಚಿತು.

ನಿಯಮ ಅವರದು

ಜಾಲತಾಣ ಮುಚ್ಚದಿದ್ದರೂ ನಿಯಮ ಬದಲಾಗಬಹುದು. 2018ರ ಜನವರಿಯಲ್ಲಿ ಫೇಸ್‌ಬುಕ್, ಬಂಧುಮಿತ್ರರ ಬರಹಗಳಿಗೆ ಆದ್ಯತೆ ನೀಡಿ ಪುಟಗಳ ಪ್ರಕಟಣೆಗಳನ್ನು ಹಿಂದಕ್ಕೆ ಸರಿಸುವುದಾಗಿ ಘೋಷಿಸಿತು. ಪುಟವನ್ನು ಮೆಚ್ಚಿದವರಿಗೂ ತಂಡದ ಸುದ್ದಿ ಕಾಣಿಸುವ ಭರವಸೆ ಇಲ್ಲವಾಯಿತು.

ಆದಾಯದ ಕಥೆಯೂ ಇದೇ. 12 ತಿಂಗಳಲ್ಲಿ ಕನಿಷ್ಠ 1,000 ಬಾರಿ ಕೇಳಲ್ಪಡದ ಹಾಡಿಗೆ ಧ್ವನಿಮುದ್ರಣದ ಗೌರವಧನವಿಲ್ಲ ಎಂಬ ನಿಯಮವನ್ನು ಸ್ಪಾಟಿಫೈ 2024ರಿಂದ ಜಾರಿಗೆ ತಂದಿತು. ಕೇಳುಗರು ನೇರವಾಗಿ ಹಾಡು ಕೊಳ್ಳುವ ‘ಬ್ಯಾಂಡ್‌ಕ್ಯಾಂಪ್’ ತಾಣ ಡಿಜಿಟಲ್ ಮಾರಾಟದಲ್ಲಿ ಸಾಮಾನ್ಯವಾಗಿ ಶೇ 15ರಷ್ಟನ್ನು ತಾನಿಟ್ಟುಕೊಳ್ಳುತ್ತದೆ. ಹಣ ಪಾವತಿಯ ಶುಲ್ಕ ಕಳೆದು ಉಳಿದದ್ದು ತಂಡಕ್ಕೆ ಸೇರುತ್ತದೆ. ನೂರು ಮಂದಿ ನಿಷ್ಠಾವಂತ ಕೇಳುಗರಿರುವ ತಂಡಕ್ಕೆ ಈ ವ್ಯತ್ಯಾಸ ಸಣ್ಣದಲ್ಲ.

ತಂಡ ಮಾಡಬೇಕಾದದ್ದು

ಹಾಗೆಂದು ಜಾಲತಾಣಗಳನ್ನು ತೊರೆಯಬೇಕಿಲ್ಲ. ಅವನ್ನು ಬಾಡಿಗೆ ಮನೆಯೆಂದು ತಿಳಿದು ಬಳಸಿದರೆ ಸಾಕು.

* ಮೂಲ ಧ್ವನಿಮುದ್ರಣದ ಪ್ರತಿಗಳನ್ನು ಕನಿಷ್ಠ ಎರಡು ಕಡೆ ಕಾಪಾಡಿಕೊಳ್ಳಬೇಕು.
* ಸ್ವಂತ ವಿಳಾಸದ ಪುಟವೊಂದಿರಬೇಕು; ಎಲ್ಲ ಜಾಲತಾಣಗಳ ಕೊಂಡಿಗಳೂ ಅಲ್ಲಿಗೇ ಕರೆತರಬೇಕು.
* ಪ್ರತಿ ಕಾರ್ಯಕ್ರಮದಲ್ಲೂ ಇಚ್ಛಿಸುವ ಕೇಳುಗರ ಇ-ಮೇಲ್ ವಿಳಾಸ ಪಡೆಯಬೇಕು. ಆ ಪಟ್ಟಿ ತಂಡದ ಸ್ವಂತ ಆಸ್ತಿ.
* ಗೀತರಚನೆ, ಸಂಗೀತ ಯಾರದೆಂಬುದನ್ನೂ ಆದಾಯ ಹಂಚಿಕೆಯನ್ನೂ ಹಾಡು ಬಿಡುಗಡೆಗೆ ಮೊದಲೇ ಸದಸ್ಯರು ಬರೆದಿಟ್ಟುಕೊಳ್ಳಬೇಕು.

ಜಾಲತಾಣಗಳು ಬರುತ್ತವೆ, ಹೋಗುತ್ತವೆ. ಮೈಸ್ಪೇಸ್ ಮಂಕಾದರೂ ಶೆಫೀಲ್ಡಿನ ಆ ತಂಡದ ಕೇಳುಗರು ಚದುರಲಿಲ್ಲ. ಅವರು ಬಂದದ್ದು ಹಾಡಿಗಾಗಿ, ಪುಟಕ್ಕಾಗಿ ಅಲ್ಲ.