ಕೆರೆ ಏರಿ ಒಡೆಯುವುದು ಹೇಗೆ, ಉಳಿಯುವುದು ಹೇಗೆ

ಮಳೆ ಬಿಡದೆ ಹೊಯ್ದ ರಾತ್ರಿ ಊರಿನವರು ಟಾರ್ಚ್ ಹಿಡಿದು ಕೆರೆ ಏರಿಯ ನಡುವಿಗೆ ಓಡುತ್ತಾರೆ. ನೀರು ಎಷ್ಟು ಮೇಲೆ ಬಂತೆಂದು ಅಲ್ಲಿಂದ ಚೆನ್ನಾಗಿ ಕಾಣುತ್ತದೆ, ನಿಜ. ಆದರೆ ಕೆರೆ ಉಳಿಯುತ್ತದೋ ಇಲ್ಲವೋ ಎಂಬುದು ಬಹುಪಾಲು ತೀರ್ಮಾನವಾಗುವುದು ಏರಿಯ ಒಂದು ತುದಿಯಲ್ಲಿರುವ ಕೋಡಿಯಲ್ಲಿ.

ಕರ್ನಾಟಕದಲ್ಲಿ 36 ಸಾವಿರಕ್ಕೂ ಹೆಚ್ಚು ಕೆರೆಗಳಿವೆ. ಒಂದೊಂದೂ ಮಣ್ಣಿನಿಂದ ಕಟ್ಟಿದ ಸಣ್ಣ ಅಣೆಕಟ್ಟೇ. ಆದರೆ 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಲೆಕ್ಕಕ್ಕೆ ಹಿಡಿಯುವುದು 15 ಮೀಟರಿಗಿಂತ ಎತ್ತರದವನ್ನು. 10ರಿಂದ 15 ಮೀಟರ್ ಎತ್ತರದವಾದರೆ ಉದ್ದ, ಸಂಗ್ರಹದಂಥ ಕೆಲವು ಷರತ್ತುಗಳಿವೆ. ಮಳೆಗಾಲದ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ತಪಾಸಣೆ ಮಾಡಲೇಬೇಕೆಂಬ ಕಟ್ಟುಪಾಡು ಅವುಗಳಿಗೆ ಮಾತ್ರ. ನಮ್ಮ ಹಳ್ಳಿಯ ಕೆರೆಗಳಲ್ಲಿ ಹೆಚ್ಚಿನವು ಈ ಬಲೆಗೆ ಬೀಳುವುದೇ ಇಲ್ಲ. ಅಚ್ಚುಕಟ್ಟು 40 ಹೆಕ್ಟೇರಿಗಿಂತ ದೊಡ್ಡದಿದ್ದರೆ ಸಣ್ಣ ನೀರಾವರಿ ಇಲಾಖೆ, ಚಿಕ್ಕದಿದ್ದರೆ ಪಂಚಾಯತ್ ರಾಜ್ ವ್ಯವಸ್ಥೆ ನೋಡಿಕೊಳ್ಳಬೇಕು. ದಿನನಿತ್ಯದ ಕಣ್ಣು ಮಾತ್ರ ಊರಿನದೇ.

ಮಣ್ಣಿನ ಏರಿ ನೀರನ್ನು ತಡೆದೀತು, ತನ್ನ ನೆತ್ತಿಯ ಮೇಲೆ ಹರಿಯಲು ಬಿಡಲಾರದು. ಒಂದು ಗೇಣು ನೀರು ಏರಿ ಹತ್ತಿ ಆಚೆ ಇಳಿದರೂ ಹಿಂಬದಿಯ ಮಣ್ಣು ಬುಡದಿಂದ ಮೇಲಕ್ಕೆ ಕೊಚ್ಚಿಹೋಗುತ್ತ ಬರುತ್ತದೆ. ಆಮೇಲೆ ಹೊತ್ತು ಹಿಡಿಯುವುದಿಲ್ಲ. ಹೆಚ್ಚಾದ ನೀರು ಕಲ್ಲುಕಟ್ಟಿದ ದಾರಿಯಲ್ಲಿ ಹೋಗಲೆಂದೇ ಏರಿಗಿಂತ ತಗ್ಗಿನಲ್ಲಿ ಕೋಡಿ ಇಟ್ಟಿರುವುದು. ಇದರ ಲೆಕ್ಕ ಸ್ವಲ್ಪ ಸೋಜಿಗದ್ದು. 20 ಮೀಟರ್ ಉದ್ದದ ಕೋಡಿಯ ಮೇಲೆ 30 ಸೆಂಟಿಮೀಟರ್ ನೀರು ಹರಿದರೆ ಸೆಕೆಂಡಿಗೆ ಸುಮಾರು 5,600 ಲೀಟರ್ ಹೊರಹೋಗುತ್ತದೆ. 60 ಸೆಂಟಿಮೀಟರ್ ಹರಿದರೆ ಅದರ ಎರಡು ಪಟ್ಟಲ್ಲ, ಹತ್ತಿರ ಹತ್ತಿರ ಮೂರು ಪಟ್ಟು: 15,800 ಲೀಟರ್. ಅದೇ ಕೋಡಿಯ ಅರ್ಧ ಭಾಗ ಮುಚ್ಚಿಹೋಗಿದೆ ಎನ್ನಿ. ಅಷ್ಟೇ ನೀರು ಹೊರಬೀಳಲು ಕೆರೆ ಮಟ್ಟ ಕೋಡಿಯ ಮೇಲೆ 95 ಸೆಂಟಿಮೀಟರ್‌ವರೆಗೆ ಏರಬೇಕು. ಮಣ್ಣು ಕುಸಿದು, ಗಾಡಿ ಓಡಾಡಿ ತಗ್ಗುಬಿದ್ದ ಹಳೆ ಏರಿಯಲ್ಲಿ ಆ ಹೆಚ್ಚುವರಿ ಒಂದಡಿಗೆ ಜಾಗ ಇರುವುದೇ ಅನುಮಾನ.

ಕೋಡಿ ಮುಚ್ಚುವುದಾದರೂ ಹೇಗೆ? ಜೊಂಡು, ಕಳೆ ಬಂದು ಕಟ್ಟಿಕೊಳ್ಳುತ್ತದೆ. ಮೀನು ತಪ್ಪಿಸಿಕೊಳ್ಳದಿರಲೆಂದು ಗುತ್ತಿಗೆದಾರರು ಅಡ್ಡ ಕಟ್ಟುವ ಬಲೆಗೆ ಅದೇ ಕಳೆ ಸಿಕ್ಕಿ ಗೋಡೆಯಾಗುತ್ತದೆ. ಇನ್ನೊಂದಡಿ ನೀರು ನಿಲ್ಲಲಿ ಎಂದು ಅಚ್ಚುಕಟ್ಟಿನವರು ಮರಳುಮೂಟೆ ಪೇರಿಸುತ್ತಾರೆ. ಇದಕ್ಕೆ ವಿರುದ್ಧವಾಗಿ, ತಮ್ಮ ಹೊಲ ಮುಳುಗಿತೆಂದು ಮೇಲಿನವರು ರಾತ್ರೋರಾತ್ರಿ ಕೋಡಿಯನ್ನೇ ಅಗೆಯುತ್ತಾರೆ. ಎರಡೂ ತಪ್ಪೇ, ಆದರೆ ಮರಳುಮೂಟೆ ಹೆಚ್ಚು ಅಪಾಯಕಾರಿ. ಮೇಲಿನ ಕೆರೆಯ ಕೋಡಿನೀರೇ ಕೆಳಗಿನ ಕೆರೆಯ ಆದಾಯ ಎಂಬುದನ್ನೂ ಮರೆಯಬಾರದು. ಬಯಲುಸೀಮೆಯ ಕೆರೆಗಳು ಸರಣಿಯಲ್ಲಿ ಕಟ್ಟಿದವು. ಮೇಲಿನದು ಒಡೆದರೆ ಅಷ್ಟೂ ನೀರು ಒಮ್ಮೆಲೇ ಕೆಳಗಿನದರ ಮೇಲೆ ಬೀಳುತ್ತದೆ, ಅದರ ಕೋಡಿ ಆ ಭಾರಕ್ಕೆ ಅಳೆದದ್ದಲ್ಲ.

ಎರಡನೆಯ ಶತ್ರು ಸದ್ದಿಲ್ಲದ್ದು, ಸೋರಿಕೆ. ಯಾವ ಮಣ್ಣಿನ ಏರಿಯೂ ಪೂರಾ ಒಣಗಿರುವುದಿಲ್ಲ. ಹಿಂಬದಿಯ ಬುಡದಲ್ಲಿ ತಿಳಿನೀರು ಜಿನುಗಿದರೆ ಗಾಬರಿ ಬೇಡ, ಗಮನ ಸಾಕು. ನೀರು ಕಲಕಾಗಿ ಬಂದರೆ, ಇಲ್ಲವೇ ನಿನ್ನೆಗಿಂತ ಇಂದು ಜೋರಾಗಿದ್ದರೆ, ಒಳಗಿನ ಮಣ್ಣು ಹೊರಡುತ್ತಿದೆ ಎಂದರ್ಥ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ ಇಂದಿನ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಕೆರೆ ಕಟ್ಟಿಸಿ 1369ರಲ್ಲಿ ಹಾಕಿಸಿದ ಶಾಸನದಲ್ಲಿ ಕೆರೆಗೆ ಇರಬೇಕಾದ ಹನ್ನೆರಡು ಅಂಗಗಳನ್ನೂ ಇರಬಾರದ ಆರು ದೋಷಗಳನ್ನೂ ಪಟ್ಟಿ ಮಾಡಲಾಗಿದೆ. ಏರಿ ಸೋರುವುದು ಆ ಆರರಲ್ಲಿ ಒಂದು. ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದೂ ದೋಷವೇ ಎಂದು ಅದೇ ಪಟ್ಟಿ ಹೇಳುತ್ತದೆ. ಬರೆಸಿದವರಿಗೆ ಜಗಳದ ಅನುಭವ ಚೆನ್ನಾಗಿಯೇ ಇದ್ದಿರಬೇಕು.

ಸೋರಿಕೆಗೆ ದಾರಿ ಮಾಡುವವು ಹೆಗ್ಗಣ, ಏಡಿಯ ಬಿಲಗಳು, ಗೆದ್ದಲಿನ ಹುತ್ತ, ಬಳ್ಳಾರಿ ಜಾಲಿಯ ಬೇರು. ದೊಡ್ಡ ಮರವನ್ನು ಕಡಿದು ಬೇರು ಅಲ್ಲೇ ಬಿಟ್ಟರೆ ಅದು ಕೊಳೆತ ಮೇಲೆ ನೀರಿಗೆ ಕೊಳವೆ ಸಿದ್ಧ. ತೂಬಿನ ಕಾಲುವೆ ಏರಿಯನ್ನು ಸೀಳಿಕೊಂಡು ಹೋಗುವ ಜಾಗ ಇನ್ನೂ ನಾಜೂಕು: ಹಳೆ ಕಲ್ಲು, ಹೊಸ ಮಣ್ಣು ಬೆಸೆಯದೆ ನಡುವೆ ಸಂದು ಉಳಿಯುತ್ತದೆ. ಹೂಳೆತ್ತುವವರು ಏರಿಯ ಬುಡದಲ್ಲೇ ಜೆಸಿಬಿ ಇಳಿಸುವುದೂ ಉಂಟು. ತಳದಲ್ಲಿ ಕೂತ ಜೇಡಿ ನೀರನ್ನು ತಡೆಯುತ್ತಿತ್ತು, ಅದನ್ನೇ ಕೆರೆದು ಹಾಕಿದರೆ ಏರಿಯಡಿಗೆ ನೀರು ಸಲೀಸಾಗಿ ನುಗ್ಗುತ್ತದೆ. ಬಹುವರ್ಷ ಬತ್ತಿದ್ದ ಕೆರೆ ಒಂದೇ ಮಳೆಗೆ ತುಂಬಿದಾಗ ಮೊದಲ ವಾರ ಕಾವಲು ಬೇಕು, ಒಣಗಿ ಬಿರಿದ ಮಣ್ಣಿನ ಬಿರುಕುಗಳು ಇನ್ನೂ ಕೂಡಿಕೊಂಡಿರುವುದಿಲ್ಲ.

ಕಲಕು ನೀರು ಕಂಡರೆ ಜನ ಮೊದಲು ಮಾಡುವುದು ಜೇಡಿಮಣ್ಣು ಮೆತ್ತುವುದು. ಮಾಡಬಾರದು. ಆ ಬಾಯಿ ಮುಚ್ಚಿದರೆ ಒತ್ತಡ ಪಕ್ಕದಲ್ಲಿ ಇನ್ನೊಂದು ಬಾಯಿ ಹುಡುಕುತ್ತದೆ. ಮೊದಲು ಮರಳು, ಅದರ ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದಪ್ಪ ಕಲ್ಲು ಹಾಕಿ. ನೀರು ಹೊರಬರಲಿ, ಮಣ್ಣು ಒಳಗೇ ನಿಲ್ಲಲಿ. ಜತೆಗೇ ತೂಬು ತೆರೆದು ಮಟ್ಟ ಇಳಿಸಬೇಕು, ಆದರೆ ಹದವಾಗಿ: ಒಮ್ಮೆಲೇ ನೀರು ಇಳಿದರೆ ನೆನೆದ ಒಳಮುಖ ಕುಸಿದು ಕೂರುತ್ತದೆ. ಕೆಳಗಿನ ಊರಿಗೆ ಫೋನ್ ಮಾಡುವುದು ಇದೆಲ್ಲಕ್ಕಿಂತ ಮೊದಲು.

ಹಿಂದೆ ಈ ಕೆಲಸಗಳಿಗೆಲ್ಲ ನೀರಗಂಟಿ ಇದ್ದ. ತೂಬು ಎಷ್ಟು ಎತ್ತಬೇಕು, ಯಾರ ಗದ್ದೆಗೆ ಯಾವ ಹೊತ್ತು ಎಂಬುದರ ಜತೆ ಏರಿಯ ಬಿಲ, ಹುತ್ತಗಳೂ ಅವನ ಲೆಕ್ಕದಲ್ಲಿದ್ದವು. ಕೊಳವೆಬಾವಿ ಬಂದ ಮೇಲೆ ಅಚ್ಚುಕಟ್ಟಿನವರು ತೂಬಿನ ಕಡೆ ತಿರುಗಿ ನೋಡುವುದು ಕಡಿಮೆಯಾಯಿತು. ಆ ಕೊಳವೆಬಾವಿಗೆ ನೀರು ಇಳಿಯುವುದು ಬಹುಮಟ್ಟಿಗೆ ಕೆರೆಯಂಗಳದಿಂದಲೇ ಎಂಬುದು ಬೇರೆ ಮಾತು.

ಕೋಲಾರದಲ್ಲಿ ಈಗ ಹೊಸದೊಂದು ಪ್ರಶ್ನೆ ಎದ್ದಿದೆ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ತ್ಯಾಜ್ಯನೀರು 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂದು, ಅಲ್ಲಿಂದ ಕೆರೆಯಿಂದ ಕೆರೆಗೆ ಹರಿಯತೊಡಗಿತು. 2021ರ ನವೆಂಬರ್ ಮಳೆಗೆ ಆ ಜಿಲ್ಲೆಯ ಕೆರೆಗಳು ಒಂದಾದ ಮೇಲೊಂದು ಕೋಡಿ ಹರಿದವು. ಬರಗಾಲದ ನಾಡಿಗೆ ಇದು ಹಬ್ಬವೇ. ಆದರೆ ವರ್ಷವಿಡೀ ನೀರು ನಿಂತ ಕೆರೆಯಲ್ಲಿ ಒಳಮುಖದ ಕಲ್ಲು ಕುಸಿದದ್ದು ಕಾಣುವುದಿಲ್ಲ, ತೂಬಿನ ಬಾಗಿಲು ರಿಪೇರಿ ಮಾಡಲು ಬೇಸಿಗೆಯೇ ಸಿಗುವುದಿಲ್ಲ. ಮಳೆಗೆ ಬಿಡಬೇಕಾದ ಜಾಗವೂ ಮೊದಲೇ ಭರ್ತಿ. ಸರಣಿಯ ಒಂದೊಂದು ಕೆರೆಗೂ ಸರದಿಯಂತೆ ಕೆಲವು ವರ್ಷಕ್ಕೊಮ್ಮೆ ನೀರು ನಿಲ್ಲಿಸಿ, ಬೇಸಿಗೆಯಲ್ಲಿ ತಳ ಕಾಣಿಸಿ, ಮುಂಗಾರಿಗೆ ಮುಂಚೆ ತೂಬು, ಏರಿ, ಕೋಡಿ ಮೂರನ್ನೂ ದುರಸ್ತಿ ಮಾಡುವ ವೇಳಾಪಟ್ಟಿಯನ್ನು ನೀರು ಹರಿಸುವ ವೇಳಾಪಟ್ಟಿಯ ಜತೆಗೇ ಬರೆಯಬೇಕಾಗುತ್ತದೆ.